ಫ್ರೇಮ್ ಒಡೆದ ಮೇಲೆ: ರೋಡ್ ಸೈಕಲ್ಲಿಗೆ ಬದಲಿ ಫ್ರೇಮ್ ಆರಿಸುವುದು ಹೇಗೆ

ಕಿರ್ ಎಂಬ ಸದ್ದು ಮೊದಲು ಕೇಳಿಸಿದ್ದು ಏರಿನಲ್ಲಿ, ಅದೂ ಬಲಗಾಲು ಒತ್ತಿದಾಗ ಮಾತ್ರ. ಪೆಡಲ್ ಬಿಚ್ಚಿ ಗ್ರೀಸ್ ಹಚ್ಚಿದೆ. ಚೈನ್‌ರಿಂಗಿನ ಬೋಲ್ಟುಗಳನ್ನು ಬಿಗಿಗೊಳಿಸಿದೆ. ಸೀಟ್‌ಪೋಸ್ಟ್ ಹೊರಗೆಳೆದು ಒರೆಸಿ ಮತ್ತೆ ಕೂರಿಸಿದೆ. ಪೆಡಲ್ ಕೂರುವ ತೋಳುಗಳ, ಅಂದರೆ ಕ್ರ್ಯಾಂಕಿನ, ಅಕ್ಷ ತಿರುಗುವ ಬೇರಿಂಗಾದ ಬಾಟಮ್ ಬ್ರ್ಯಾಕೆಟ್ ಕೂಡ ಹೊಸದು ಹಾಕಿದೆ. ಸದ್ದು ಹೋಗಲಿಲ್ಲ. ಕೊನೆಗೆ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಜಿಡ್ಡನ್ನೆಲ್ಲ ಉಜ್ಜಿ ತೆಗೆದು ಟಾರ್ಚ್ ಹಿಡಿದು ನೋಡಿದಾಗ, ಹಿಂಚಕ್ರಕ್ಕೆ ಹೋಗುವ ಕೆಳಕೊಳವೆಯಾದ ಬಲಗಡೆಯ ಚೈನ್‌ಸ್ಟೇ ಬಾಟಮ್ ಬ್ರ್ಯಾಕೆಟ್ಟಿನ ಕೊಳವೆಗೆ ಸೇರುವಲ್ಲಿ, ಬೆಸುಗೆಯ ಅಂಚಿಗೆ ಅಂಟಿಕೊಂಡಂತೆ, ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆ ಕಂಡಿತು. ಅದರ ಮೇಲೆ ಉಗುರು ಎಳೆದರೆ ತಡೆಯುತ್ತಿತ್ತು. ಹನ್ನೊಂದು ವರ್ಷ ನನ್ನನ್ನು ಹೊತ್ತ ಅಲ್ಯೂಮಿನಿಯಂ ಫ್ರೇಮ್ ಅದು. ಆ ಸಂಜೆಯೇ ಅದನ್ನು ಓಡಿಸುವುದನ್ನು ನಿಲ್ಲಿಸಿದೆ. ಮುಂದಿನ ಎರಡು ತಿಂಗಳು ಬದಲಿ ಫ್ರೇಮ್ ಹುಡುಕುತ್ತ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಪ್ರಶ್ನೆ: ಫ್ರೇಮ್ ನಿಜವಾಗಿಯೂ ಮುಗಿದಿದೆಯೇ? ಬಣ್ಣ ಮಾತ್ರ ಬಿರಿದಿರಬಹುದು. ಆ ಜಾಗದಲ್ಲಿ ಬಣ್ಣವನ್ನು ಚೂರು ಕೆರೆದು ನೋಡಿ. ಗೆರೆ ಲೋಹದಲ್ಲಿಯೂ ಮುಂದುವರಿದಿದ್ದರೆ ಅದು ಬಿರುಕೇ. ಉಕ್ಕಿನ ಫ್ರೇಮಾದರೆ ಆಸೆ ಬಿಡಬೇಡಿ. ಫ್ರೇಮ್ ಕಟ್ಟುವವರು ಒಡೆದ ಕೊಳವೆಯೊಂದನ್ನೇ ತೆಗೆದು ಬೇರೆಯದನ್ನು ಬೆಸೆಯಬಲ್ಲರು. ಕಾರ್ಬನ್ ಫ್ರೇಮನ್ನೂ ಪರಿಣತರು ಪದರ ಪದರವಾಗಿ ಕಟ್ಟಿ ಸರಿಪಡಿಸುತ್ತಾರೆ. ಅಲ್ಯೂಮಿನಿಯಂ ಮಾತ್ರ ಹಟಮಾರಿ. 6061 ಎಂಬ ಮಿಶ್ರಲೋಹದ ಬಲ ಬರುವುದೇ ಬೆಸುಗೆಯಾದ ನಂತರ ಇಡೀ ಫ್ರೇಮಿಗೆ ಕೊಡುವ ಶಾಖ ಸಂಸ್ಕಾರದಿಂದ. ಬಿರುಕಿನ ಮೇಲೆ ಮತ್ತೆ ಬೆಸುಗೆ ಹಾಕಿದರೆ ಅದರ ಸುತ್ತಲಿನ ಲೋಹ ಮೆತ್ತಗಾಗುತ್ತದೆ, ಪಕ್ಕದಲ್ಲೇ ಇನ್ನೊಂದು ಬಿರುಕು ಏಳುತ್ತದೆ. ಹೊಸದಕ್ಕೆ ಹೊರಡುವ ಮುನ್ನ ತಯಾರಕರ ಖಾತರಿ ಪತ್ರವನ್ನು ಹುಡುಕಿ ಓದಿ. ಮೊದಲ ಮಾಲೀಕರಿಗೆ ಫ್ರೇಮಿನ ಮೇಲೆ ಜೀವಿತಾವಧಿಯ ಖಾತರಿ ಕೊಡುವವರು ಹಲವರಿದ್ದಾರೆ. ನಾನು ಎರಡನೆಯ ಮಾಲೀಕ. ನನಗೆ ಆ ಬಾಗಿಲು ಮುಚ್ಚಿತ್ತು.

ಇನ್ನು ಮುಖ್ಯ ವಿಷಯ. ಬದಲಿ ಫ್ರೇಮ್ ಕೊಳ್ಳುವುದು ಹೊಸ ಸೈಕಲ್ ಕೊಂಡಂತಲ್ಲ. ಫ್ರೇಮೊಂದನ್ನು ಬಿಟ್ಟು ಉಳಿದ ಸೈಕಲ್ಲೆಲ್ಲ ನಿಮ್ಮ ಮನೆಯಲ್ಲೇ ಇದೆ. ಚಕ್ರ, ಬ್ರೇಕು, ಕ್ರ್ಯಾಂಕು, ಗೇರು, ಹ್ಯಾಂಡಲ್ ಎಲ್ಲವೂ ತಮ್ಮ ತಮ್ಮ ಅಳತೆಯ ಜಾಗವನ್ನು ಕೇಳುತ್ತವೆ. ಕಣ್ಣಿಗೆ ಹಿಡಿಸಿದ ಫ್ರೇಮ್ ತಂದು ಆಮೇಲೆ ಭಾಗಗಳನ್ನು ಹೊಂದಿಸಲು ಹೊರಟರೆ ಮೂಗಿಗಿಂತ ಮೂಗುತಿ ಭಾರವಾಗುತ್ತದೆ. ನನಗೆ ಮೊದಲು ಸಿಕ್ಕ ಅವಕಾಶವೇ ಅಂಥದ್ದು. ಗೆಳೆಯರೊಬ್ಬರು ಒಂದೇ ಒಂದು ಗೀರೂ ಇಲ್ಲದ ಕಾರ್ಬನ್ ಫ್ರೇಮ್ ಕೊಡಲು ಮುಂದೆ ಬಂದರು. ಅದು ಚಕ್ರದ ನಡುವಿನ ತಟ್ಟೆಯನ್ನು ಹಿಡಿಯುವ ಡಿಸ್ಕ್ ಬ್ರೇಕಿನದು, ನನ್ನದು ಚಕ್ರದ ಅಂಚನ್ನೇ ಹಿಡಿಯುವ ರಿಮ್ ಬ್ರೇಕಿನ ಸೈಕಲ್. ಲೆಕ್ಕ ಹಾಕಿದರೆ ಎರಡು ಚಕ್ರ, ಎರಡು ಬ್ರೇಕು, ಗೇರು ಬದಲಿಸುವ ಎರಡು ಲಿವರುಗಳು ಎಲ್ಲ ಹೊಸದಾಗಬೇಕು. ಕೈ ಮುಗಿದು ಬೇಡವೆಂದೆ.

ಆದ್ದರಿಂದ ಜರಡಿ ಹಿಡಿಯುವಾಗ ಬ್ರೇಕಿನಿಂದಲೇ ಶುರು ಮಾಡಿ. ರಿಮ್ ಬ್ರೇಕಿದ್ದರೆ ರಿಮ್ ಬ್ರೇಕಿನ ಫ್ರೇಮೇ ಬೇಕು. 2018ರಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವಾದ ಯುಸಿಐ ರಸ್ತೆ ಪಂದ್ಯಗಳಲ್ಲಿ ಡಿಸ್ಕ್ ಬ್ರೇಕಿಗೆ ಪೂರ್ಣ ಒಪ್ಪಿಗೆ ಕೊಟ್ಟಿತು. ಆಮೇಲೆ ದೊಡ್ಡ ತಯಾರಕರು ಒಬ್ಬೊಬ್ಬರಾಗಿ ರಿಮ್ ಬ್ರೇಕಿನ ಫ್ರೇಮುಗಳನ್ನು ಕೈಬಿಡುತ್ತ ಬಂದರು. ಹಳೆಯ ಭಾಗಗಳಿಗೆ ಒಪ್ಪುವ ಹೊಸ ಫ್ರೇಮ್ ಕಡಿಮೆಯಾಗಿರುವುದು ಇದರಿಂದ. ಸಿಗುವುದೇ ಇಲ್ಲವೆಂದಲ್ಲ, ಉಕ್ಕಿನಲ್ಲಿ ಈಗಲೂ ಸಿಗುತ್ತವೆ. ರಿಮ್ ಬ್ರೇಕಿನಲ್ಲಿಯೂ ಒಂದು ಒಳಗುಟ್ಟಿದೆ. ಬ್ರೇಕಿನ ತೋಳಿನ ಉದ್ದ ಎರಡು ಬಗೆ: ಸಾಮಾನ್ಯವಾದದ್ದು 39ರಿಂದ 49 ಮಿಲಿಮೀಟರ್ ತಲುಪುತ್ತದೆ, ಉದ್ದದ್ದು 47ರಿಂದ 57. ಫ್ರೇಮಿನಲ್ಲಿ ಬ್ರೇಕ್ ಕೂರುವ ತೂತಿನ ನಡುವಿನಿಂದ, ರಿಮ್ಮಿನಲ್ಲಿ ರಬ್ಬರ್ ಒತ್ತುವ ಪಟ್ಟಿಯ ನಡುವಿನವರೆಗೆ ಅಳೆದು ನೋಡಿ. ದಪ್ಪ ಟೈರಿಗೆಂದು ಮಾಡಿದ ಫ್ರೇಮಿಗೆ ನಿಮ್ಮ ಗಿಡ್ಡ ಬ್ರೇಕ್ ಹಾಕಿದರೆ ರಬ್ಬರು ರಿಮ್ಮನ್ನು ಬಿಟ್ಟು ಟೈರನ್ನು ಉಜ್ಜೀತು.

ಎರಡನೆಯ ಜರಡಿ ಹಿಂಚಕ್ರದ ಅಗಲ. ಚಕ್ರದ ನಡುವಿನ ಹಬ್ಬಿನಲ್ಲಿ, ಫ್ರೇಮಿಗೆ ಒಳಗಿನಿಂದ ತಾಗುವ ಎರಡು ಮೈಗಳ ನಡುವಿನ ದೂರವನ್ನು ಅಳೆಯಿರಿ. ರಿಮ್ ಬ್ರೇಕಿನ ರೋಡ್ ಸೈಕಲ್ಲಾದರೆ 130 ಮಿ.ಮೀ., ತುಂಬ ಹಳೆಯದಾದರೆ 126 ಅಥವಾ 120. ಡಿಸ್ಕ್ ಬ್ರೇಕಿನದಾದರೆ 12 ಮಿ.ಮೀ. ದಪ್ಪದ ತೂರು ಅಕ್ಷದೊಂದಿಗೆ (ಥ್ರೂ ಆಕ್ಸಲ್) 142, ಇಲ್ಲವೇ ಮೊದಮೊದಲಿನ, ಲಿವರಿನಿಂದ ಬಿಗಿಯುವ ಕ್ವಿಕ್ ರಿಲೀಸ್ ಬಗೆಯ 135. ನಾನು ನೋಡಿದ ಹಳೆಯ ಉಕ್ಕಿನ ಫ್ರೇಮೊಂದರ ಹಿಂಬದಿ 126 ಇತ್ತು. ಉಕ್ಕನ್ನು ತಣ್ಣಗಿರುವಾಗಲೇ ನಾಲ್ಕು ಮಿಲಿಮೀಟರ್ ಅಗಲಿಸಿ ಜೋಡಣೆ ಸರಿಮಾಡಬಹುದು, ತಿಳಿದವರು ಮಾಡಿಕೊಡುತ್ತಾರೆ. ಅಲ್ಯೂಮಿನಿಯಂ ಅಥವಾ ಕಾರ್ಬನ್ ಫ್ರೇಮಿಗೆ ಈ ಕೆಲಸ ಮಾಡಲು ಯಾರಾದರೂ ಒಪ್ಪಿದರೆ ಅವರ ಕೈಗೆ ಸೈಕಲ್ ಕೊಡಬೇಡಿ.

ಮೂರನೆಯದು ಬಾಟಮ್ ಬ್ರ್ಯಾಕೆಟ್. ಜನ ಹೆಚ್ಚು ಎಡವುವುದು ಇಲ್ಲಿ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಕ್ರ್ಯಾಂಕಿನ ಅಕ್ಷದ ದಪ್ಪವನ್ನು ಕ್ಯಾಲಿಪರಿನಲ್ಲಿ ಅಳೆಯಿರಿ. ತಯಾರಕರಲ್ಲಿ ಶಿಮಾನೋದ್ದಾದರೆ 24 ಮಿ.ಮೀ., ಕ್ಯಾಂಪನ್ಯೋಲೋದ ಅಲ್ಟ್ರಾ ಟಾರ್ಕ್ 25, ಸ್ರ್ಯಾಮ್‌ನ ಡಬ್ 28.99, ಇನ್ನು ಕೆಲವು ಪೂರ್ತಿ 30. ಇದಕ್ಕೆ ಎದುರಾಗಿ ಫ್ರೇಮಿನ ಕೊಳವೆಗಳೂ ಹಲವು ಬಗೆ. ಎಲ್ಲಕ್ಕಿಂತ ಹಳೆಯದೂ ನೆಮ್ಮದಿಯದೂ ತಿರುಪಿನ ಬಿಎಸ್‌ಎ: 68 ಮಿ.ಮೀ. ಅಗಲ, ಬಲಗಡೆಯ ಬಟ್ಟಲಿಗೆ ಎಡತಿರುಪು. ಅದನ್ನು ಸಡಿಲಿಸಲು ಗಡಿಯಾರದ ಮುಳ್ಳಿನ ದಿಕ್ಕಿನಲ್ಲೇ ತಿರುಗಿಸಬೇಕು. ಇದನ್ನು ಮರೆತು ಜೋರು ಮಾಡಿದವರು ಎಷ್ಟೋ ಫ್ರೇಮುಗಳ ಸುತ್ತುಗಳನ್ನು ಹಾಳುಮಾಡಿದ್ದಾರೆ. ಇಟಾಲಿಯನ್ ಬಗೆಯದು 70 ಮಿ.ಮೀ. ಅಗಲ, ಎರಡೂ ಕಡೆ ಬಲತಿರುಪು. ಹಳೆಯ ಇಟಲಿಯ ಫ್ರೇಮ್ ಕೊಳ್ಳುವಾಗ ನೆನಪಿಡಿ. ಇತ್ತೀಚೆಗೆ ಬಂದ ಟಿ47 ಕೂಡ ತಿರುಪಿನದೇ, ರಂಧ್ರ ಮಾತ್ರ ದೊಡ್ಡದು.

ಉಳಿದವು ಒತ್ತಿ ಕೂರಿಸುವ ಬಗೆಯವು. ಬಿಬಿ86ಕ್ಕೆ 41 ಮಿ.ಮೀ. ರಂಧ್ರ, ಬಿಬಿ30ಕ್ಕೆ 42, ಪಿಎಫ್30ಕ್ಕೆ 46. ಇವುಗಳಲ್ಲಿ ಬೇರಿಂಗು ನೆಟ್ಟಗೆ ಕೂರುವುದು ಫ್ರೇಮಿನ ರಂಧ್ರ ಎಷ್ಟು ದುಂಡಗೆ, ಎಷ್ಟು ನೇರವಾಗಿದೆ ಎಂಬುದರ ಮೇಲೆ. ನೂರರಲ್ಲಿ ಒಂದಂಶ ಮಿಲಿಮೀಟರಿನ ಲೆಕ್ಕದ ಕೆಲಸ ಅದು. ಚೆನ್ನಾಗಿ ಮಾಡಿದ್ದರೆ ತೊಂದರೆಯಿಲ್ಲ, ಇಲ್ಲವಾದರೆ ಜೀವಮಾನವಿಡೀ ಕಿರಕಿರಿ. ನಿಮ್ಮದು 24 ಮಿ.ಮೀ. ಅಕ್ಷವಾದರೆ ನೀವು ಅದೃಷ್ಟವಂತರು, ಹೆಚ್ಚುಕಡಿಮೆ ಎಲ್ಲ ಕೊಳವೆಗೂ ಅದನ್ನು ಹೊಂದಿಸಬಹುದು. 30ರ ಅಕ್ಷವಾದರೆ ಬಿಬಿ86ರಿಂದ ದೂರವಿರಿ. ಬೇರಿಂಗಿಗೆ ಉಳಿಯುವ ಜಾಗ ತೀರ ಕಡಿಮೆ, ಗುಂಡುಗಳು ಸಣ್ಣವಾಗಿ ಬೇಗ ಸವೆಯುತ್ತವೆ. ತಿಂಗಳುಗಟ್ಟಲೆ ಒಂದು ಸದ್ದಿನ ಹಿಂದೆ ಬಿದ್ದಿದ್ದ ನಾನು ತಿರುಪಿನ ಕೊಳವೆ ಇಲ್ಲದ ಫ್ರೇಮನ್ನು ನೋಡುವುದೇ ಇಲ್ಲವೆಂದು ನಿರ್ಧರಿಸಿದೆ. ಇದು ನನ್ನ ಆಯ್ಕೆ. ಒತ್ತುವ ಬಗೆಯಲ್ಲಿ ಸುಖವಾಗಿರುವವರನ್ನೂ ಬಲ್ಲೆ.

ಸಣ್ಣಪುಟ್ಟದ್ದನ್ನು ಬೇಗ ಹೇಳಿಬಿಡುತ್ತೇನೆ. ಸೀಟ್‌ಪೋಸ್ಟಿನ ದಪ್ಪ 27.2 ಇದ್ದು ಫ್ರೇಮ್ 31.6 ಕೇಳಿದರೆ ನಡುವೆ ತೆಳು ಕೊಳವೆಯೊಂದನ್ನು ತೂರಿಸಬಹುದು. ತಿರುವುಮುರುವಾದರೆ ಹೊಸ ಪೋಸ್ಟೇ ಗತಿ. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಮುಂದಿನ ಡಿರೈಲರ್, ಸೀಟಿನ ಕೆಳಗಿನ ಕೊಳವೆಯಾದ ಸೀಟ್ ಟ್ಯೂಬಿಗೆ ಪಟ್ಟಿ ಸುತ್ತುವ ಬಗೆಯೋ, ಫ್ರೇಮಿನದೇ ಕಿವಿಗೆ ಕೂರುವ ಬಗೆಯೋ ನೋಡಿ, ಪಟ್ಟಿಗಳು 28.6, 31.8, 34.9 ಅಳತೆಗಳಲ್ಲಿ ಸಿಗುತ್ತವೆ. ತಂತಿಯಿಂದ ಎಳೆಯುವ ಗೇರು ನಿಮ್ಮದಾದರೆ, ಫ್ರೇಮ್ ಬರಿಯ ಎಲೆಕ್ಟ್ರಾನಿಕ್ ಗೇರಿಗೆಂದು ಮಾಡಿದ್ದಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳಿ. ಅಂಥ ಫ್ರೇಮಿನಲ್ಲಿ ತಂತಿಯ ಕವಚಕ್ಕೆ ನಿಲುಗಡೆಯೇ ಇರುವುದಿಲ್ಲ. ಹಿಂದಿನ ಡಿರೈಲರ್ ತೂಗುವ ಹ್ಯಾಂಗರ್ ಬಿಚ್ಚುವಂಥದ್ದಾದರೆ ಫ್ರೇಮಿನ ಜತೆಗೇ ಒಂದು ಹೆಚ್ಚಿಗೆ ತರಿಸಿಕೊಳ್ಳಿ. ಒಂದೊಂದು ಫ್ರೇಮಿಗೆ ಒಂದೊಂದು ಆಕಾರ, ಐದು ವರ್ಷದ ನಂತರ ಸಿಗುವುದು ಕಷ್ಟ. ಈ ಗೋಜಲು ಬಿಡಿಸಲೆಂದೇ 2019ರಲ್ಲಿ ಸ್ರ್ಯಾಮ್ ಯುಡಿಎಚ್ ಎಂಬ ಸಾರ್ವತ್ರಿಕ ಹ್ಯಾಂಗರ್ ತಂದಿತು, ಆದರೆ ಅದು ಬರುವುದು ತೂರು ಅಕ್ಷದ ಫ್ರೇಮುಗಳಲ್ಲಿ.

ಭಾಗಗಳ ಮಾತು ಮುಗಿಯಿತು. ಈಗ ಮೈಯ ಮಾತು.

ಹಳೆಯ ಸೈಕಲ್ಲನ್ನು ಬಿಚ್ಚುವ ಮೊದಲು ಅಳೆಯಿರಿ. ದಯವಿಟ್ಟು ಬಿಚ್ಚುವ ಮೊದಲು. ಅದರ ಮೇಲೆ ನಿಮ್ಮ ಬೆನ್ನು, ಮಂಡಿ, ಅಂಗೈ ವರ್ಷಗಳ ಕಾಲ ಹೊಂದಿಕೊಂಡಿವೆ. ಆ ಹೊಂದಾಣಿಕೆಯ ದಾಖಲೆ ಇರುವುದು ಆ ಸೈಕಲ್ಲಿನಲ್ಲಿ ಮಾತ್ರ. ನೆಲ ಸಮವಾಗಿದೆಯೇ ಎಂದು ರಸಮಟ್ಟ ಇಟ್ಟು ನೋಡಿ. ಹಿಂಚಕ್ರ ಗೋಡೆಗೆ ತಾಗುವಂತೆ ಸೈಕಲ್ಲನ್ನು ನೆಟ್ಟಗೆ ನಿಲ್ಲಿಸಿ, ಒಬ್ಬರು ಹಿಡಿದುಕೊಳ್ಳಲಿ. ಗೋಡೆಯಿಂದ ಕ್ರ್ಯಾಂಕಿನ ಅಕ್ಷದ ನಡುಬಿಂದುವಿಗೆ ಎಷ್ಟು, ಹ್ಯಾಂಡಲ್ಲಿನ ಕೆಳಗೆ ಫ್ರೇಮಿನ ಮುಂಗೊಳವೆಯಾದ ಹೆಡ್ ಟ್ಯೂಬಿನ ಮೇಲ್ತುದಿಯ ನಡುಬಿಂದುವಿಗೆ ಎಷ್ಟು, ಎರಡನ್ನೂ ಬರೆದುಕೊಂಡು ಕಳೆಯಿರಿ. ಬಂದದ್ದು ರೀಚ್. ನೆಲದಿಂದ ಅದೇ ಎರಡು ಬಿಂದುಗಳ ಎತ್ತರವನ್ನು ಅಳೆದು ಕಳೆಯಿರಿ. ಬಂದದ್ದು ಸ್ಟ್ಯಾಕ್. ತೂಗುಗುಂಡು ಇಳಿಬಿಟ್ಟು ಅಳೆದರೆ ತಪ್ಪು ಕಡಿಮೆ. ನಾನು ಮೂರು ಸಲ ಅಳೆದು ಸರಾಸರಿ ತೆಗೆದೆ: ಸ್ಟ್ಯಾಕ್ 562, ರೀಚ್ 380. ಹ್ಯಾಂಡಲ್ಲನ್ನು ಹಿಡಿಯುವ ಸ್ಟೆಮ್ಮಿನ ಕೆಳಗೆ ಅದನ್ನು ಎತ್ತರಿಸಲು ಇಟ್ಟ 20 ಮಿ.ಮೀ. ಬಳೆಗಳು, ಸ್ಟೆಮ್ಮಿನ ಉದ್ದ 100. ಇವುಗಳ ಜತೆಗೆ ಅಕ್ಷದ ನಡುವಿನಿಂದ ಸೀಟಿನ ಮೇಲ್ಮೈಗೆ ಇರುವ ಎತ್ತರ, ಸೀಟಿನ ಮೂತಿ ಅಕ್ಷಕ್ಕಿಂತ ಎಷ್ಟು ಹಿಂದಿದೆ, ಮೂತಿಯಿಂದ ಹ್ಯಾಂಡಲ್ಲಿಗೆ ಎಷ್ಟು ದೂರ ಎಂಬುದನ್ನೂ ಬರೆದಿಡಿ.

ಹಳೆಯ ಸೈಕಲ್ಲು ಮೈಗೆ ಒಗ್ಗದೆ ಇದ್ದವರಿಗೆ ಈ ಅಳತೆ ದಾರಿ ತೋರಿಸದು. ಅವರು ಬರಿಗಾಲಲ್ಲಿ ನಿಂತು ತೊಡೆಸಂದಿನಿಂದ ನೆಲಕ್ಕೆ ಇರುವ ಎತ್ತರವನ್ನು 0.883ರಿಂದ ಗುಣಿಸಿ ಸೀಟಿನ ಎತ್ತರಕ್ಕೆ ಒಂದು ಆರಂಭ ಪಡೆಯಬಹುದು. ಟೂರ್ ಡಿ ಫ್ರಾನ್ಸ್ ಗೆದ್ದ ಅಮೆರಿಕದ ಸೈಕಲ್ ಪಟು ಗ್ರೆಗ್ ಲೆಮಾಂಡ್ ಹೆಸರಿನಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿರುವ ಲೆಕ್ಕ ಅದು. ನನ್ನ 81 ಸೆಂಟಿಮೀಟರಿಗೆ 71.5 ಬರುತ್ತದೆ, ಬಳಸುತ್ತಿರುವುದೂ ಅಷ್ಟೇ. ಆದರೂ ಫ್ರೇಮ್ ಕೊಳ್ಳುವ ಮುನ್ನ ಬೇರೆಯವರ ಎರಡು ಮೂರು ಸೈಕಲ್ಲುಗಳನ್ನು ಒಂದೊಂದು ಗಂಟೆ ಓಡಿಸಿ, ಹಿತವೆನಿಸಿದ್ದನ್ನು ಅಳೆಯುವುದೇ ಲೇಸು.

ಫ್ರೇಮಿನ ಮೇಲೆ ಬರೆದ 52, 54, 56 ಎಂಬ ಸಂಖ್ಯೆಯನ್ನು ನಂಬಬೇಡಿ. ಒಬ್ಬರು ಸೀಟ್ ಟ್ಯೂಬನ್ನು ಮೇಲ್ತುದಿಯವರೆಗೆ ಅಳೆಯುತ್ತಾರೆ, ಇನ್ನೊಬ್ಬರು ಮೇಲಿನ ಕೊಳವೆಯ ನಡುವಿನವರೆಗೆ, ಮತ್ತೊಬ್ಬರು ಇಲ್ಲದ ಅಡ್ಡಕೊಳವೆಯನ್ನು ಊಹಿಸಿಕೊಂಡು ಸಂಖ್ಯೆ ಕೊಡುತ್ತಾರೆ. ಸ್ಟ್ಯಾಕ್ ಮತ್ತು ರೀಚ್ ಹಾಗಲ್ಲ, ಎಲ್ಲರಿಗೂ ಒಂದೇ. ಆದರೆ ಎರಡನ್ನೂ ಒಟ್ಟಿಗೆ ಓದಬೇಕು. ನನ್ನ ಉದಾಹರಣೆಯನ್ನೇ ನೋಡಿ. ಒಂದು ಫ್ರೇಮಿನ ಸ್ಟ್ಯಾಕ್ 541, ರೀಚ್ 387 ಇತ್ತು. ರೀಚ್ 7 ಹೆಚ್ಚು, ಆದ್ದರಿಂದ ಉದ್ದವಾಯಿತು ಎಂದು ಮೊದಲು ಅಂದುಕೊಂಡೆ. ಆದರೆ ಹ್ಯಾಂಡಲ್ಲನ್ನು ಹಳೆಯ ಎತ್ತರಕ್ಕೆ ತರಲು 22 ಮಿ.ಮೀ. ಬಳೆ ಹೆಚ್ಚಿಗೆ ಹಾಕಬೇಕು. ಹೆಡ್ ಟ್ಯೂಬು 73 ಡಿಗ್ರಿ ವಾಲಿರುವುದರಿಂದ ಪ್ರತಿ 10 ಮಿ.ಮೀ. ಬಳೆಗೆ ಹ್ಯಾಂಡಲ್ಲು ಸುಮಾರು 3 ಮಿ.ಮೀ. ಹಿಂದೆ ಬರುತ್ತದೆ. 22ಕ್ಕೆ ಆರು ಚಿಲ್ಲರೆ. ಉದ್ದ ಹಳೆಯದಕ್ಕೇ ಬಂದು ನಿಂತಿತು! ತೊಡಕು ಬೇರೆ ಕಡೆ ಇತ್ತು: ಒಟ್ಟು 42 ಮಿ.ಮೀ. ಬಳೆಗಳ ಗೋಪುರ. ಮುಂಚಕ್ರವನ್ನು ಹಿಡಿಯುವ ಫೋರ್ಕಿನ ಮೇಲ್ಕೊಳವೆ, ಅಂದರೆ ಸ್ಟಿಯರರ್, ಕಾರ್ಬನ್ನಿನದಾದರೆ ತಯಾರಕರು ಬಳೆಗಳ ಎತ್ತರಕ್ಕೆ ಮಿತಿ ಹೇಳಿರುತ್ತಾರೆ, ಸಾಮಾನ್ಯವಾಗಿ 30 ಅಥವಾ 40. ಅದನ್ನು ಮೀರಬಾರದು. ಅದೇ ಫ್ರೇಮಿನ ಒಂದು ಅಳತೆ ದೊಡ್ಡದರಲ್ಲಿ ಸ್ಟ್ಯಾಕ್ 560, ರೀಚ್ 391. ಎತ್ತರ ಸರಿ, ಉದ್ದ 11 ಹೆಚ್ಚು. 90ರ ಸ್ಟೆಮ್ ಹಾಕಿದರೆ ಸರಿಹೋಗುತ್ತಿತ್ತು. ಅಂದರೆ ಹತ್ತು ಮಿಲಿಮೀಟರ್ ಉದ್ದದ ಹೆಚ್ಚುಕಡಿಮೆಯನ್ನು ಸ್ಟೆಮ್ ನುಂಗುತ್ತದೆ, ಎತ್ತರದ ಕೊರತೆಯನ್ನು ನುಂಗುವುದು ಕಷ್ಟ. ಎರಡು ಅಳತೆಗಳ ನಡುವೆ ತೂಗಾಡುತ್ತಿದ್ದರೆ ಸ್ಟ್ಯಾಕ್ ಹತ್ತಿರವಿರುವುದನ್ನು ಹಿಡಿಯಿರಿ.

ಸೀಟ್ ಟ್ಯೂಬಿನ ಕೋನವನ್ನೂ ನೋಡಿ. ನನ್ನ ಸೀಟಿನ ಎತ್ತರದಲ್ಲಿ ಅರ್ಧ ಡಿಗ್ರಿ ಎಂದರೆ 6 ಮಿ.ಮೀ. ಹಿಂದೆ ಅಥವಾ ಮುಂದೆ. ಸೀಟಿನ ಕಂಬಿಯ ಮೇಲೆ ಅಷ್ಟು ಸರಿಸಲು ಜಾಗವಿದ್ದರೆ ಚಿಂತೆಯಿಲ್ಲ. ಹೆಡ್ ಟ್ಯೂಬಿನ ಕೋನ ಮತ್ತು ಫೋರ್ಕಿನ ಬಾಗು ಸೇರಿ ಹಿಡಿತದ ಗುಣವನ್ನು ನಿರ್ಧರಿಸುತ್ತವೆ. 25 ಮಿ.ಮೀ. ಅಗಲದ ಟೈರು, 73 ಡಿಗ್ರಿ, 43 ಮಿ.ಮೀ. ಬಾಗು ಇದ್ದರೆ ಟ್ರೇಲ್ ಎಂಬ ಅಳತೆ (ಹೆಡ್ ಟ್ಯೂಬಿನ ಗೆರೆ ನೆಲ ಮುಟ್ಟುವಲ್ಲಿಂದ ಟೈರು ನೆಲ ಮುಟ್ಟುವವರೆಗಿನ ದೂರ) ಸುಮಾರು 58 ಮಿ.ಮೀ. ಬರುತ್ತದೆ. ಕೋನ 72ಕ್ಕೆ ಇಳಿದರೆ ಅದೇ 64. ಟ್ರೇಲ್ ಹೆಚ್ಚಾದಷ್ಟೂ ಇಳಿಜಾರಿನಲ್ಲಿ ಸೈಕಲ್ಲು ಗಂಭೀರವಾಗಿ ನೇರ ನಡೆಯುತ್ತದೆ, ತಿರುಗಲು ಸ್ವಲ್ಪ ಹೆಚ್ಚು ಕೇಳುತ್ತದೆ. ಹಳೆಯ ಸೈಕಲ್ಲಿನ ನಡಿಗೆ ಇಷ್ಟವಿದ್ದರೆ ಹತ್ತಿರದ ಸಂಖ್ಯೆಯನ್ನೇ ಹುಡುಕಿ.

ಲೋಹದ ವಿಷಯಕ್ಕೆ ಬಂದರೆ ವಾದಗಳು ಮುಗಿಯುವುದಿಲ್ಲ, ಆದರೆ ನನ್ನ ಮಾತು ಚಿಕ್ಕದು. ಉಕ್ಕು ಅಲ್ಯೂಮಿನಿಯಂಗಿಂತ ಸುಮಾರು ಮೂರು ಪಟ್ಟು ಬಿಗಿ, ಸುಮಾರು ಮೂರು ಪಟ್ಟು ಭಾರ. ಟೈಟಾನಿಯಂ ನಡುವೆ. ತೂಕಕ್ಕೆ ಹೋಲಿಸಿದರೆ ಮೂರರ ಬಿಗಿತವೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ತರುವುದು ಕೊಳವೆಯ ದಪ್ಪ: ಗೋಡೆ ಅಷ್ಟೇ ಇಟ್ಟು ವ್ಯಾಸ ಇಮ್ಮಡಿಸಿದರೆ ಬಿಗಿತ ಸುಮಾರು ಎಂಟು ಪಟ್ಟಾಗುತ್ತದೆ. ಅಲ್ಯೂಮಿನಿಯಂ ಫ್ರೇಮಿನ ಕೊಳವೆಗಳು ದಪ್ಪಗಿರುವುದೂ, ಅದು ಒರಟು ಎಂಬ ಹೆಸರು ಬಂದಿರುವುದೂ ಇದರಿಂದ. ಆ ಒರಟುತನವನ್ನು ಫ್ರೇಮ್ ಬದಲಿಸಿ ಕಳೆಯುವುದಕ್ಕಿಂತ 23ರ ಟೈರು ತೆಗೆದು 28 ಹಾಕಿ, ಗಾಳಿ ತುಸು ಇಳಿಸಿ ಕಳೆಯುವುದು ಸುಲಭ. ಆದ್ದರಿಂದ ಲೋಹಕ್ಕಿಂತ ಮೊದಲು ಟೈರಿಗೆ ಎಷ್ಟು ಜಾಗವಿದೆ ಎಂದು ಕೇಳಿ. ಆಯಸ್ಸಿನ ವಿಷಯದಲ್ಲಿ ಮಾತ್ರ ನಿಜವಾದ ಅಂತರವಿದೆ. ಉಕ್ಕಿಗೂ ಟೈಟಾನಿಯಂಗೂ ಒಂದು ಮಿತಿಯ ಒಳಗಿನ ಒತ್ತಡ ಎಷ್ಟು ಸಲ ಬಿದ್ದರೂ ದಣಿವಾಗದು. ಅಲ್ಯೂಮಿನಿಯಂಗೆ ಅಂಥ ಮಿತಿಯಿಲ್ಲ, ಪ್ರತಿ ತುಳಿತವೂ ಲೆಕ್ಕಕ್ಕೆ ಬರುತ್ತದೆ. ನನ್ನ ಚೈನ್‌ಸ್ಟೇ ಹನ್ನೊಂದು ವರ್ಷ ಆ ಲೆಕ್ಕವನ್ನು ಇಟ್ಟುಕೊಂಡೇ ಬಂದಿತ್ತು.

ಬಳಸಿದ ಫ್ರೇಮ್ ಕೊಳ್ಳುವುದಾದರೆ ಕೈಯಲ್ಲಿ ಹಿಡಿಯದೆ ಹಣ ಕೊಡಬೇಡಿ. ಕಣ್ಣು ಮುಚ್ಚಿ, ಹೆಡ್ ಟ್ಯೂಬಿನ ಹಿಂದೆ, ಅಲ್ಲಿಂದ ಬಾಟಮ್ ಬ್ರ್ಯಾಕೆಟ್ಟಿಗೆ ಇಳಿಯುವ ಡೌನ್ ಟ್ಯೂಬಿನ ಕೆಳಮೈ ಮೇಲೆ ಬೆರಳಾಡಿಸಿ. ಎದುರಿನಿಂದ ಗುದ್ದಿದ ಫ್ರೇಮಿನಲ್ಲಿ ಅಲ್ಲಿ ಸಣ್ಣ ಅಲೆ, ಉಬ್ಬು ಸಿಗುತ್ತದೆ. ಹೊಸ ಬಣ್ಣ ಕಣ್ಣನ್ನು ವಂಚಿಸುತ್ತದೆ, ಬೆರಳನ್ನಲ್ಲ. ಸೀಟ್‌ಪೋಸ್ಟ್ ಅಲ್ಲಾಡುತ್ತದೆಯೇ ನೋಡಿ. ಉಕ್ಕು ಅಥವಾ ಕಾರ್ಬನ್ ಕೊಳವೆಯೊಳಗೆ ಅಲ್ಯೂಮಿನಿಯಂ ಪೋಸ್ಟ್ ವರ್ಷಗಟ್ಟಲೆ ಬೆವರು ಕುಡಿದು ಕೂತರೆ ಒಂದಕ್ಕೊಂದು ಕಚ್ಚಿಕೊಂಡು ಬಿಡುತ್ತವೆ. ಉಕ್ಕಾದರೆ ಬಾಟಮ್ ಬ್ರ್ಯಾಕೆಟ್ಟಿನ ಕೊಳವೆಯೊಳಗೆ ಟಾರ್ಚ್ ಬಿಟ್ಟು ತುಕ್ಕು ನೋಡಿ. ಮೇಲೆ ಕೆಂಪು ಪುಡಿ ಸಹಜ, ಪದರ ಪದರವಾಗಿ ಏಳುತ್ತಿದ್ದರೆ ಬೇಡ. ಕಾರ್ಬನ್ನಾದರೆ ನಾಣ್ಯದಿಂದ ಉದ್ದಕ್ಕೂ ತಟ್ಟುತ್ತ ಬನ್ನಿ. ಗಟ್ಟಿ ಸದ್ದಿನ ನಡುವೆ ಒಂದು ಕಡೆ ಮಂಕಾದ ಸದ್ದು ಬಂದರೆ ಅನುಮಾನಿಸಿ. ಸದ್ದು ಚೆನ್ನಾಗಿದ್ದ ಮಾತ್ರಕ್ಕೆ ಫ್ರೇಮ್ ಚೆನ್ನಾಗಿದೆ ಎಂದಲ್ಲ, ಖಚಿತವಾಗಬೇಕಾದರೆ ಅಲ್ಟ್ರಾಸೌಂಡ್ ಪರೀಕ್ಷೆಯೇ ಆಗಬೇಕು.

ನೇರವಾಗಿದೆಯೇ ಎಂದು ತಿಳಿಯಲು ಒಂದು ದಾರ ಸಾಕು. ಹಿಂಚಕ್ರದ ಅಕ್ಷ ಕೂರುವ ಒಂದು ಡ್ರಾಪ್‌ಔಟಿಗೆ ದಾರ ಕಟ್ಟಿ, ಹೆಡ್ ಟ್ಯೂಬನ್ನು ಬಳಸಿ ತಂದು, ಇನ್ನೊಂದು ಡ್ರಾಪ್‌ಔಟಿಗೆ ಬಿಗಿಯಾಗಿ ಕಟ್ಟಿ. ಈಗ ಎರಡೂ ಕಡೆ ದಾರಕ್ಕೂ ಸೀಟ್ ಟ್ಯೂಬಿಗೂ ಇರುವ ಸಂದನ್ನು ಅಳೆಯಿರಿ. ಒಂದು ಮಿಲಿಮೀಟರ್ ಹೆಚ್ಚುಕಡಿಮೆಯಾದರೆ ನಾನು ಒಪ್ಪುತ್ತೇನೆ, ಮೂರು ಕಂಡರೆ ಎದ್ದು ಬರುತ್ತೇನೆ. ನಿಮ್ಮ ಹಿಂಚಕ್ರವನ್ನೂ ಜತೆಗೆ ಒಯ್ಯಿರಿ. ಚಕ್ರ ಒಂದು ಕಡೆಗೆ ವಾಲಿ ಕೂತರೆ, ಹೊರತೆಗೆದು ಎಡಬಲ ತಿರುಗಿಸಿ ಹಾಕಿ. ವಾಲು ಇನ್ನೊಂದು ಕಡೆಗೆ ಹೋದರೆ ದೋಷ ಚಕ್ರದ್ದು, ಅಲ್ಲೇ ಉಳಿದರೆ ಫ್ರೇಮಿನದು.

ಫೋರ್ಕ್ ಜತೆಗೆ ಬರುತ್ತದೆ ಎಂದರೆ ಸ್ಟಿಯರರಿನ ಉದ್ದವನ್ನು ಕೇಳದೆ ಇರಬೇಡಿ. ಹಿಂದಿನವರು ತಮ್ಮ ಅಳತೆಗೆ ಕತ್ತರಿಸಿರುತ್ತಾರೆ, ಕತ್ತರಿಸಿದ್ದು ಮತ್ತೆ ಬೆಳೆಯುವುದಿಲ್ಲ. ಹೆಡ್ ಟ್ಯೂಬಿನ ಉದ್ದ, ಹೆಡ್‌ಸೆಟ್ಟಿನ (ಫೋರ್ಕ್ ತಿರುಗುವ ಬೇರಿಂಗುಗಳ) ಮೇಲೆ ಕೆಳಗಿನ ದಪ್ಪ, ನಿಮಗೆ ಬೇಕಾದ ಬಳೆಗಳು, ಸ್ಟೆಮ್ ಹಿಡಿಯುವ ಸುಮಾರು 40 ಮಿ.ಮೀ., ಇಷ್ಟನ್ನು ಕೂಡಿಸಿ 3 ಕಳೆಯಿರಿ. ಅಷ್ಟಿದ್ದರೆ ಸಾಕು.

ಕೊನೆಗೆ ನನಗೆ ಸಿಕ್ಕಿದ್ದು ಬೂದು ಬಣ್ಣದ ಉಕ್ಕಿನ ಫ್ರೇಮ್. ಬಿಎಸ್‌ಎ ತಿರುಪು, ಹಿಂದೆ 130, ಸ್ಟ್ಯಾಕ್ 558, ರೀಚ್ 384. ನನ್ನ 31.6ರ ಸೀಟ್‌ಪೋಸ್ಟ್ ಮಾತ್ರ ಹಿಡಿಸಲಿಲ್ಲ, 27.2ರದ್ದೊಂದನ್ನೂ, ಮುಂದಿನ ಡಿರೈಲರಿಗೆ 28.6ರ ಪಟ್ಟಿಯೊಂದನ್ನೂ ತರಿಸಿದೆ. ಸೀಟನ್ನು 6 ಮಿ.ಮೀ. ಮುಂದೆ ಸರಿಸಿದೆ. ಜೋಡಿಸುವ ಮೊದಲು ತಿರುಪಿನ ಸುತ್ತುಗಳಲ್ಲಿ ಕೂತಿದ್ದ ಬಣ್ಣವನ್ನು ತಿದ್ದುವ ಉಪಕರಣದಿಂದ ತೆಗೆಸಿ, ಕೊಳವೆಯ ಎರಡೂ ಮುಖಗಳನ್ನು ಸಮಮಾಡಿಸಿದೆ. ಹೊಸ ಫ್ರೇಮಿಗೂ ಈ ಕೆಲಸ ಬೇಕಾಗಬಹುದು, ತಪ್ಪಿಸಬೇಡಿ. ಹಳೆಯದಕ್ಕಿಂತ ಅರ್ಧ ಕಿಲೋ ಭಾರವಾಗಿದೆ. ಏರಿನಲ್ಲಿ ಬಲಗಾಲು ಒತ್ತಿದಾಗ ಈಗ ಚೈನಿನ ಸದ್ದು ಮಾತ್ರ ಕೇಳಿಸುತ್ತದೆ.

ಒಡೆದ ಫ್ರೇಮನ್ನು ಬಣ್ಣ ಹಚ್ಚಿ ಮಾರುವವರಿದ್ದಾರೆ, ಗುಜರಿಯಿಂದ ಎತ್ತಿಕೊಂಡು ಓಡಿಸುವವರೂ ಇದ್ದಾರೆ. ಹ್ಯಾಂಗರನ್ನು ಬಿಚ್ಚಿಟ್ಟುಕೊಂಡು, ಡೌನ್ ಟ್ಯೂಬನ್ನು ಗರಗಸದಿಂದ ಪೂರ್ತಿ ಕತ್ತರಿಸಿದ ಮೇಲೆಯೇ ನಾನು ನನ್ನದನ್ನು ಗುಜರಿಗೆ ಹಾಕಿದೆ. ನೀವೂ ಹಾಗೆಯೇ ಮಾಡಿ.